ಸೌದೆಗೆ ತೂಕವೋ, ಶಾಖಕ್ಕೆ ಬೆಲೆಯೋ?

ಅಡಿಕೆ ಸುಲಿತ ಮುಗಿದು ತೋಟಗಳಲ್ಲಿ ಮರಗಸಿ ಶುರುವಾಗುವ ಈ ದಿನಗಳಲ್ಲಿ ಸಂಘದ ಕಛೇರಿಗೆ ಬರುವ ಸದಸ್ಯರು ಧಾರಣೆಯ ಮಾತಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳು ಬಾಯ್ಲರಿಗೆ ಸೌದೆ ಕೊಳ್ಳುತ್ತವಂತೆ, ನಮ್ಮ ತೋಟದ ಸೌದೆಯನ್ನು ಸಂಘವೇ ಏಕೆ ಒಟ್ಟು ಮಾಡಿ ಮಾರಿಕೊಡಬಾರದು ಎಂಬುದು ಆ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲಾರಿ ತುಂಬಿಸಿ ಕಳಿಸಿದ ಮಾತ್ರಕ್ಕೆ ಮಾರುಕಟ್ಟೆ ಹುಟ್ಟುವುದಿಲ್ಲ. ಅದನ್ನು ಕಟ್ಟಬೇಕಾಗುತ್ತದೆ. ಹೇಗೆ ಕಟ್ಟಬೇಕು, ಎಲ್ಲಿ ಕೈ ಹಿಡಿದುಕೊಳ್ಳಬೇಕು ಎಂಬ ಬಗ್ಗೆ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲಿಗೆ ಒಂದು ಸೋಜಿಗದ ಸಂಗತಿ. ಶಿವಮೊಗ್ಗ–ಭದ್ರಾವತಿ ಸೀಮೆಯಷ್ಟು ಸೌದೆ ಸುಟ್ಟ ಸೀಮೆ ನಮ್ಮ ನಾಡಿನಲ್ಲಿ ಇನ್ನೊಂದಿರಲಾರದು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರ ಜನವರಿಯಲ್ಲಿ ಹೊತ್ತಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಟ್ರಾಮ್ ಹಳಿಗಳ ಮೇಲೆ ಸೌದೆ. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಬಿಡದೆ ಹಿಡಿದು ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಡಾಂಬರು ತೆಗೆಯುತ್ತಿದ್ದರು. ಇಂದು ನಾವು ಅಡಿಕೆ ಸಿಪ್ಪೆಗೆ ರಸ್ತೆ ಬದಿಯಲ್ಲಿ ಬೆಂಕಿ ಇಟ್ಟು ಬರುವುದನ್ನು ಆ ಇಂಜಿನಿಯರುಗಳು ಕಂಡಿದ್ದರೆ ಏನೆನ್ನುತ್ತಿದ್ದರೋ! ಅದೇ ಊರಿನಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಮರವನ್ನೇ ನಂಬಿ ಬೆಳೆಯಿತು. 1980ರಲ್ಲಿ ಸರ್ಕಾರ 40 ವರ್ಷದ ಗುತ್ತಿಗೆಗೆ ಕೊಟ್ಟ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯಲ್ಲಿ ಅದು ನೀಲಗಿರಿ, ಅಕೇಶಿಯಾ ನೆಟ್ಟಿತು. 2015ರ ಸುಮಾರಿಗೆ ಅದರ ಯಂತ್ರಗಳು ನಿಂತವು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದು ನವೀಕರಣದ ಮಾತು ಬಂದಾಗ ಮಲೆನಾಡಿನುದ್ದಕ್ಕೂ ಎದ್ದ ವಿರೋಧವನ್ನು ಸದಸ್ಯರು ಮರೆತಿರಲಾರರು.

ಇಷ್ಟೆಲ್ಲ ನಡೆದರೂ ಇಲ್ಲಿ ಸೌದೆಯ ಮಾರುಕಟ್ಟೆ ಎಂಬುದು ಹುಟ್ಟಲೇ ಇಲ್ಲ. ಇದ್ದದ್ದು ಒಬ್ಬ ದೊಡ್ಡ ಬಳಕೆದಾರ, ಅವನಿಗೆ ಸರ್ಕಾರ ಬಿಟ್ಟುಕೊಟ್ಟ ಕಾಡು. ನೂರು ವರ್ಷದ ಈ ವ್ಯವಹಾರದಲ್ಲಿ ಬೆಳೆಗಾರನಿಗೆ ಹೇಳಿಕೊಳ್ಳುವ ಪಾಲಿರಲಿಲ್ಲ. ಕಾರ್ಖಾನೆ ಕುಂಟಿದಾಗ ಊರಿಗೆ ಊರೇ ಕುಂಟಿತು. ಆದ್ದರಿಂದ ಒಬ್ಬನೇ ದೊಡ್ಡ ಗಿರಾಕಿ ಬರಲಿ ಎಂದು ಕಾಯುವ ಬದಲು, ಹತ್ತು ಸಣ್ಣ ಬಾಯ್ಲರುಗಳಿಗೆ ನೂರು ಸಣ್ಣ ತೋಟಗಳಿಂದ ಸೌದೆ ಹೋಗುವ ಏರ್ಪಾಡು ಒಳ್ಳೆಯದೆಂದು ನಮಗೆ ತೋರುತ್ತದೆ.

ಮಾಚೇನಹಳ್ಳಿ ಇದಕ್ಕೆ ತಕ್ಕ ಜಾಗ. ಶಿವಮೊಗ್ಗ, ಭದ್ರಾವತಿ ಎರಡರ ನಡುವೆ ಹೆದ್ದಾರಿಯ ಮೇಲಿದೆ. ಕೈಗಾರಿಕಾ ಪ್ರದೇಶವಿದೆ, ಹಾಲು ಒಕ್ಕೂಟದ ಡೇರಿಯಿದೆ. ಹಾಲು ಕಾಯಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ, ಸಿದ್ಧ ಉಡುಪಿಗೆ ಇಸ್ತ್ರಿ ಹಾಕುವುದಕ್ಕೆ, ಭತ್ತ ಕುದಿಸುವುದಕ್ಕೆ ಬೇಕಾದದ್ದು ಹಬೆ. ಉಕ್ಕು ಕರಗಿಸುವ ಶಾಖವಲ್ಲ ಅದು, ಸೌದೆ ಸಲೀಸಾಗಿ ಕೊಡಬಲ್ಲ ಶಾಖ. ಹವೆಯೂ ಅನುಕೂಲವಾಗಿದೆ. ಆಗುಂಬೆಯ ಮಳೆಗೂ ಮಾಚೇನಹಳ್ಳಿಯ ಮಳೆಗೂ ಹೋಲಿಕೆಯೇ ಇಲ್ಲ. ತೀರ್ಥಹಳ್ಳಿ, ಕೊಪ್ಪದ ಕಡೆ ಮಳೆಗಾಲದಲ್ಲಿ ಸೌದೆ ಅಣಬೆ ಹಿಡಿಯುತ್ತದೆ. ಮಲೆನಾಡಿನ ಸೆರಗಿನ ಈ ಬಯಲಿನಲ್ಲಿ ಒಂದು ತಗಡಿನ ಮಾಡು, ನಾಲ್ಕು ಕಡೆ ಗಾಳಿ, ಕೆಳಗೆ ನೀರು ನಿಲ್ಲದ ನೆಲ ಇದ್ದರೆ ಸಾಕು.

ಸೌದೆಯಿಂದ ವಿದ್ಯುತ್ ಮಾಡಬಾರದೇ ಎಂದು ಕೇಳುವವರೂ ಇದ್ದಾರೆ. ಉಷ್ಣವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಶೇಕಡಾ 5ರಷ್ಟು ಜೈವಿಕ ಉಂಡೆಗಳನ್ನು ಸುಡಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರಲ್ಲಿ ನೀತಿ ಮಾಡಿದ ಮೇಲೆ ಈ ಮಾತು ಹೆಚ್ಚಾಗಿದೆ. ನಮಗೆ ಅದರಲ್ಲಿ ಉತ್ಸಾಹವಿಲ್ಲ. ಸಣ್ಣ ಸ್ಥಾವರದಲ್ಲಿ ಸೌದೆಯ ಶಾಖದ ಕಾಲು ಭಾಗ ಮಾತ್ರ ವಿದ್ಯುತ್ತಾಗಿ ಕೈಗೆ ಬರುತ್ತದೆ, ಉಳಿದದ್ದು ಗಾಳಿಗೆ. ಒಳ್ಳೆಯ ಬಾಯ್ಲರಿನಲ್ಲಿ ಮುಕ್ಕಾಲು ಭಾಗ ಹಬೆಯಾಗಿ ಕೆಲಸಕ್ಕೆ ಬರುತ್ತದೆ. ಮಲೆನಾಡಿನ ಸೌದೆಯನ್ನು ರಾಯಚೂರಿಗೆ ಸಾಗಿಸಿದರೆ ಡೀಸೆಲ್ ಮಾರುವವನು ಮಾತ್ರ ಉದ್ಧಾರವಾದಾನು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಂದು ಸೌದೆ ಮಾರಾಟವಾಗುವುದು ತೂಕದ ಮೇಲೆ. ಕೊಳ್ಳುವವನಿಗೆ ಬೇಕಾದದ್ದು ತೂಕವಲ್ಲ, ಶಾಖ. ಈ ಎರಡರ ನಡುವೆ ನಿಂತಿರುವುದು ನೀರು. ಹಸಿಯಾಗಿ ಕಡಿದ ಸೌದೆಯಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. 10 ಟನ್ ಹಸಿ ಸೌದೆಯಲ್ಲಿ 5 ಟನ್ ಮರ, 5 ಟನ್ ನೀರು ಎನ್ನೋಣ. ಅದನ್ನು ನೆರಳಿನಲ್ಲಿ ಒಟ್ಟಿ ತೇವ ಶೇಕಡಾ 20ಕ್ಕೆ ಇಳಿಯುವವರೆಗೆ ಒಣಗಿಸಿದರೆ ಉಳಿಯುವ ತೂಕ 6 ಕಾಲು ಟನ್. ಈಗ ಶಾಖದ ಲೆಕ್ಕ ನೋಡಿ. ಅರ್ಧ ನೀರಿರುವ ಸೌದೆಯ ಕಿಲೋ ಒಂದಕ್ಕೆ ಸುಮಾರು 2.2 ಯೂನಿಟ್ ಶಾಖ, ಶೇಕಡಾ 20ರ ತೇವದ ಸೌದೆಗೆ ಸುಮಾರು 3.95 ಯೂನಿಟ್. ಅಂದರೆ 10 ಟನ್ನಿನ ಹಸಿ ಲೋಡಿನಲ್ಲಿ 22 ಸಾವಿರ ಯೂನಿಟ್, ಅದೇ ಸೌದೆ ಒಣಗಿ 6 ಕಾಲು ಟನ್ ಆದಾಗ ಅದರಲ್ಲಿ 24 ಸಾವಿರದ 500ಕ್ಕೂ ಮೇಲೆ. ತೂಕ ಇಳಿದರೂ ಶಾಖ ಏರಿತು! ಕಾರಣ ಸರಳ: ಒಳಗಿನ ನೀರನ್ನು ಆವಿ ಮಾಡುವುದಕ್ಕೂ ಅದೇ ಸೌದೆಯೇ ಉರಿಯಬೇಕು. ತಾಮ್ರದ ಹಂಡೆಯ ಕೆಳಗೆ ಹಸಿ ಸೌದೆ ತುರುಕಿ ಕಣ್ಣೀರು ಸುರಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕದ ಮೇಲೆ ಬೆಲೆ ಕಟ್ಟಿದರೆ ಒಣಗಿಸಿ ತಂದ ಬೆಳೆಗಾರ 3 ಮುಕ್ಕಾಲು ಟನ್ನಿನ ಹಣ ಕಳೆದುಕೊಳ್ಳುತ್ತಾನೆ, ಕಡಿದ ದಿನವೇ ಲಾರಿಗೆ ತುಂಬಿದವನು ನೀರಿಗೂ ಹಣ ಎಣಿಸಿಕೊಳ್ಳುತ್ತಾನೆ. ಎರಡು ಲೋಡು ಹೀಗೆ ಮೋಸ ಹೋದ ಕಾರ್ಖಾನೆಯವರು ಮೂರನೆಯ ಲೋಡಿಗೆ ಕಣ್ಣಂದಾಜಿನ ಮೇಲೆ ತೂಕ ಕಡಿತ ಮಾಡುತ್ತಾರೆ, ಆ ಕಡಿತ ಬೀಳುವುದು ಪ್ರಾಮಾಣಿಕನ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಎರಡು ಲೋಡು ಒಣ ಸಿಲ್ವರ್ ಓಕ್ ಸೌದೆಗೂ ಒಂದು ಕಾರ್ಖಾನೆಯ ಗೇಟಿನಲ್ಲಿ ಇದೇ ಗತಿಯಾಯಿತು. ಗೇಟಿನ ಗುಮಾಸ್ತ ಬಡಿಗೆ ತಟ್ಟಿ ನೋಡಿ ಸೊನ್ನೆಗಳನ್ನು ಹೊಡೆದು ಹಾಕಿದ. ಅವನನ್ನು ದೂರಿ ಫಲವೇನು? ಅಳೆಯುವ ಸಾಧನ ಅವನ ಕೈಯಲ್ಲಿರಲಿಲ್ಲ, ನಮ್ಮ ಕೈಯಲ್ಲೂ ಇರಲಿಲ್ಲ.

ಅಡಿಕೆಯ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಂಘ, ಶಿವಮೊಗ್ಗದಲ್ಲಿ 1939ರಲ್ಲಿ ಮಾಮ್‌ಕೋಸ್, ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಅಡಿಕೆಗೆ ಗಿರಾಕಿ ಇರಲಿಲ್ಲವೆಂದಲ್ಲ. ಗಿರಾಕಿ ಬೇಕಾದಷ್ಟಿದ್ದರು. ನಂಬಿಕೆಯ ತಕ್ಕಡಿ, ಒಪ್ಪಿತವಾದ ದರ್ಜೆ, ಹಣಕ್ಕೆ ಜವಾಬ್ದಾರಿ ಇರಲಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಹರಾಜಿಗಿಟ್ಟ ಮೇಲೆ ಬೆಳೆಗಾರ ತನ್ನ ಮಾಲಿನ ಗುಣವನ್ನು ತಾನೇ ತಿಳಿದುಕೊಂಡ. ಸೌದೆಗೂ ಇಷ್ಟೇ ಬೇಕು. ಮೂರೇ ದರ್ಜೆ ಸಾಕೆಂದು ನಮ್ಮ ಎಣಿಕೆ: ತೇವ ಶೇಕಡಾ 20ರ ಒಳಗಿನದು, 20ರಿಂದ 35ರದು, ಅದಕ್ಕೂ ಹಸಿಯಾದದ್ದು. ತೇವ ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಲೋಡಿನ ನಾಲ್ಕು ಕಡೆಯಿಂದ ಗರಗಸದ ಪುಡಿ ತೆಗೆದು ತೂಗಿ, ಕಾದ ಒಲೆಯಲ್ಲಿ ತೂಕ ಇಳಿಯದಾಗುವವರೆಗೆ ಒಣಗಿಸಿ ಮತ್ತೆ ತೂಗಿದರಾಯಿತು. ಕಾಫಿಯ ತೇವ ನೋಡಿಸದೆ ಮಾರುವವರು ಇಂದು ನಮ್ಮಲ್ಲಿ ಯಾರೂ ಇಲ್ಲ, ಸೌದೆಗೆ ಮಾತ್ರ ಏಕೆ ಸಂಕೋಚ?

ಹೊರಗಿನವರು ಇದನ್ನು ಮಾಡಿ ತೋರಿಸಿದ್ದಾರೆ. ಆಸ್ಟ್ರಿಯಾ ದೇಶದ ರೈತರು ಊರೂರಿನಲ್ಲಿ ಸೇರಿ ಸೌದೆಯ ಅಂಗಳ ನಡೆಸುತ್ತಾರೆ. ಅಲ್ಲಿ ತೂಕ, ತೇವ ಎರಡನ್ನೂ ಬರೆದುಕೊಂಡು ಹಣ ಕೊಡುತ್ತಾರೆ. ಫಿನ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ. 1990ರ ದಶಕದಿಂದ ಅಲ್ಲಿ ರೈತರ ಗುಂಪುಗಳು ಶಾಲೆ, ಆಸ್ಪತ್ರೆಗಳ ಬಾಯ್ಲರನ್ನು ತಾವೇ ನೋಡಿಕೊಂಡು, ಸೌದೆಯನ್ನಲ್ಲ, ಮೀಟರಿನಲ್ಲಿ ಅಳೆದ ಶಾಖವನ್ನೇ ಮಾರುತ್ತವೆ. ಹಸಿ ಸೌದೆ ಹಾಕಿದರೆ ನಷ್ಟ ತಮಗೇ ಆದ್ದರಿಂದ ತಕರಾರಿಗೆ ಎಡೆಯಿಲ್ಲ. ಈ ಪದ್ಧತಿ ನಮಗೆ ಬಹಳ ಹಿಡಿಸಿದೆಯಾದರೂ ಇಂದೇ ಅದಕ್ಕೆ ಕೈ ಹಾಕುವುದು ತರವಲ್ಲ. ಬಾಯ್ಲರ್ ಎಂದರೆ ಕಾಯಿದೆ, ತಪಾಸಣೆ, ಅರ್ಹತಾಪತ್ರವಿರುವ ನೌಕರ. ಮೊದಲು ಅಂಗಳ, ಆಮೇಲೆ ಮೀಟರು.

ಯಾವ ಸೌದೆ? ಇಲ್ಲಿ ನಾವು ಕಟ್ಟುನಿಟ್ಟು. ಸಿಲ್ವರ್ ಓಕ್, ಹಾಲುವಾಣ, ಗ್ಲಿರಿಸಿಡಿಯಾ, ಸುಬಾಬುಲ್, ಗಾಳಿ, ಕಾಫಿ ಗಿಡ ಮುಂತಾದವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ವಿನಾಯಿತಿ ಇದೆ. ಸಾಗಣೆಯ ಬಗ್ಗೆ ಮಾತ್ರ ವಲಯ ಅರಣ್ಯ ಕಛೇರಿಯಲ್ಲಿ ವಿಚಾರಿಸಿಕೊಂಡೇ ಲಾರಿ ಹತ್ತಿಸಬೇಕು. ತೋಟದ ಕಾಡುಮರವಾಗಲಿ, ಸೊಪ್ಪಿನಬೆಟ್ಟದ ಒಂದು ರೆಂಬೆಯಾಗಲಿ ಸಂಘದ ಅಂಗಳದೊಳಗೆ ಬರಕೂಡದು. ಹಣದ ವಾಸನೆ ಹತ್ತಿದರೆ ಸೊಪ್ಪಿನಬೆಟ್ಟಕ್ಕೆ ಮೊದಲು ಗರಗಸ ಬೀಳುತ್ತದೆಂಬುದು ನಮಗೆಲ್ಲ ಗೊತ್ತು. ಅದು ಹೋದರೆ ತೋಟಕ್ಕೆ ಸೊಪ್ಪೂ ಇಲ್ಲ, ನೀರೂ ಇಲ್ಲ. ಮಣಿಕಟ್ಟಿಗಿಂತ ಸಣ್ಣ ರೆಂಬೆ, ಎಲೆ, ದರಗು ತೋಟದ ನೆಲದಲ್ಲೇ ಬಿದ್ದು ಕೊಳೆಯಲಿ. ಬಾಯ್ಲರಿನ ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಇರುವುದರಿಂದ ಅದು ಬರಿಗೈಯಲ್ಲಿ ಮರಳುವ ಲಾರಿಯಲ್ಲೇ ತೋಟಕ್ಕೆ ಹಿಂದಿರುಗುವಂತೆ ಕರಾರಿನಲ್ಲಿ ಬರೆಸಬೇಕು.

ರೋಗದ ಮಾಲಿನ ಬಗ್ಗೆ ಎರಡು ಮಾತು. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸೌದೆಯೆಂದು ಒಟ್ಟಿಟ್ಟರೆ ಏಪ್ರಿಲ್–ಮೇ ತಿಂಗಳಿನಲ್ಲೂ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಅದರೊಳಗಿನಿಂದ ದುಂಬಿ ಹಾರಿ ಅಕ್ಕಪಕ್ಕದ ತೋಟ ಸೇರುತ್ತದೆ. ಅಂಥ ಗಿಡವನ್ನು ಸ್ಥಳದಲ್ಲೇ ಸುಡಬೇಕು. ಎಲೆಚುಕ್ಕೆ ರೋಗದ ಅಡಿಕೆ ಸೋಗೆಯನ್ನೂ ಊರಿಂದೂರಿಗೆ ಸಾಗಿಸಕೂಡದು. ನಾಲ್ಕು ಕಾಸಿನ ಆಸೆಗೆ ಇಡೀ ಸೀಮೆಗೆ ರೋಗ ಹಂಚಿದ ಅಪವಾದ ಸಂಘಕ್ಕೆ ಬೇಡ.

ಅಡಿಕೆ ಸಿಪ್ಪೆಯ ಕಥೆ ಬೇರೆ. ಹಸಿ ಅಡಿಕೆಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಸುಲಿಯುವ ಯಂತ್ರ ಬಂದ ಮೇಲೆ, ಚೇಣಿದಾರರು ಒಂದೇ ಕಡೆ ಸುಲಿಸತೊಡಗಿದ ಮೇಲೆ, ಅದು ಮನೆಮನೆಯ ಗೊಬ್ಬರಗುಂಡಿ ಸೇರುವ ಬದಲು ರಸ್ತೆ ಬದಿ ಗುಡ್ಡೆ ಬೀಳುತ್ತಿದೆ. ಸಂಜೆ ಹೊತ್ತು ಭದ್ರಾವತಿ, ಚನ್ನಗಿರಿ ರಸ್ತೆಗಳಲ್ಲಿ ಸಿಪ್ಪೆಯ ಹೊಗೆಯೊಳಗೆ ಬೈಕು ಓಡಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಇದು ಉರಿಯುವ ವಸ್ತುವೇ ಹೌದು. ಆದರೆ ಹಗುರ, ಜಾಗ ಹೆಚ್ಚು ಹಿಡಿಯುತ್ತದೆ, ಬೂದಿಯ ಪೊಟ್ಯಾಷ್ ಕರಗಿ ಕುಲುಮೆಯ ಸರಳುಗಳಿಗೆ ಕಿಟ್ಟ ಕಟ್ಟುವ ಭಯವೂ ಇದೆ. ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿ, ಸೌದೆಯ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ನೋಡಬೇಕು. ಮೊದಲ ವರ್ಷ ಇದನ್ನು ಸೌದೆಯ ಲೆಕ್ಕದಲ್ಲಿ ಸೇರಿಸಕೂಡದೆಂಬುದು ನಮ್ಮ ಮತ.

ಬೆಲೆಯ ವಿಷಯದಲ್ಲಿ ಆಕಾಶ ನೋಡುವುದು ಬೇಡ. ಒಂದು ಕಿಲೋ ಕುಲುಮೆ ಎಣ್ಣೆಯ ಕೆಲಸಕ್ಕೆ ಸುಮಾರು 3 ಕಿಲೋ ಒಣ ಸೌದೆ ಬೇಕು. ಕಾರ್ಖಾನೆಯವರು ಅದರ ಜೊತೆಗೆ ಗೇರುಸಿಪ್ಪೆ, ಕಲ್ಲಿದ್ದಲುಗಳ ದರವನ್ನೂ ಪಕ್ಕದಲ್ಲಿಟ್ಟುಕೊಂಡೇ ಮಾತಾಡುತ್ತಾರೆ. ಮೂವತ್ತು ನಲವತ್ತು ಮೈಲಿ ಆಚೆಯಿಂದ ಸೌದೆ ತಂದರೆ ಬಾಡಿಗೆಯೇ ಲಾಭ ನುಂಗುತ್ತದೆ. ದೂರದ ಸದಸ್ಯರು ಇದನ್ನು ಅನ್ಯಾಯವೆಂದು ಭಾವಿಸಬಾರದು. ಅವರಿಗೆ ಲಾಭದ ದಾರಿ ಮನೆಯ ಒಲೆಯಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ಕಡಿಮೆ ಸೌದೆ ಬೇಡುವ ಒಲೆ ಮಾಡಿ ಊರೂರಿಗೆ ತಂದರು. ಆ ತತ್ತ್ವದ ಒಲೆಯನ್ನು ಅಡಿಕೆ ಬೇಯಿಸುವ ಹಂಡೆಗೂ ಕಟ್ಟಿಸಬಹುದು. ಗಾಳಿ ಬರುವ ಜಾಲರಿ, ಹೊಗೆ ಹೋಗುವ ಕೊಳವೆ ಇಲ್ಲದ ಹಳೆಯ ಒಲೆಯಲ್ಲಿ ಉರಿಯುವ ಸೌದೆಯ ಬಹುಪಾಲು ಅಂಗಳವನ್ನು ಬೆಚ್ಚಗಿಡುತ್ತದೆ ಅಷ್ಟೆ.

ಕೊಳ್ಳುವವರಿಗೆ ವರ್ಷದ ಹನ್ನೆರಡು ತಿಂಗಳೂ ಸೌದೆ ಬೇಕು, ನಮ್ಮಲ್ಲಿ ಸಿಗುವುದು ಜನವರಿಯಿಂದ ಮೇ ವರೆಗೆ. ಆದ್ದರಿಂದ ಮಳೆಗಾಲದ ದಾಸ್ತಾನಿಗೆ ಹಣ ಬೇಕು. ಸೌದೆ ಒಣಗುವ ನಾಲ್ಕು ತಿಂಗಳು ಬೆಳೆಗಾರ ಕಾಯಲಾರ, ಕಾಯಿಸಿದರೆ ಹಸಿಯಲ್ಲೇ ದಲ್ಲಾಳಿಗೆ ಕೊಡುತ್ತಾನೆ. ಒಟ್ಟಿದ ದಿನ ಅರ್ಧ ಹಣ ಮುಂಗಡ, ತೇವ ನೋಡಿದ ದಿನ ಉಳಿದದ್ದು ಎಂಬ ಕ್ರಮ ಇಲ್ಲದೆ ಈ ಅಂಗಳ ಒಂದು ವರ್ಷವೂ ನಿಲ್ಲದು. ಸಂಘದ ಬಂಡವಾಳದಿಂದ ಇದಕ್ಕೆ ಎಷ್ಟು ತೆಗೆಯಬಹುದು ಎಂಬುದರ ಬಗ್ಗೆ ಆಡಳಿತ ಮಂಡಲಿಯಲ್ಲೇ ಭಿನ್ನಾಭಿಪ್ರಾಯವಿದೆ. ಅಡಿಕೆ ಅಡಮಾನ ಸಾಲಕ್ಕೆ ಇಟ್ಟ ಹಣವನ್ನು ಸೌದೆಗೆ ಹಾಕಬಾರದೆನ್ನುವವರ ಮಾತಿನಲ್ಲಿ ಹುರುಳಿದೆ. ನಮ್ಮ ಸಲಹೆ, ಇಷ್ಟವಿರುವ ಸದಸ್ಯರಿಂದ ಮಾತ್ರ ಪ್ರತ್ಯೇಕ ಪಾಲು ಸಂಗ್ರಹಿಸಿ, ಲೆಕ್ಕವನ್ನೂ ಪ್ರತ್ಯೇಕವಾಗಿಯೇ ಇಡಬೇಕೆಂಬುದು.

ಸೌದೆಯ ವ್ಯಾಪಾರ ನಮ್ಮ ಬೈಲಾದಲ್ಲಿ ಇಲ್ಲದ್ದರಿಂದ 1959ರ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ತಿದ್ದುಪಡಿಯಾಗಿ ನೋಂದಣಿಯಾಗಬೇಕು. ಕರಡು ಕಛೇರಿಯಲ್ಲಿದೆ, ವಾರ್ಷಿಕ ಮಹಾಸಭೆಯ ಮುಂದೆ ಬರುತ್ತದೆ. ಅದಕ್ಕೂ ಮುಂಚೆ, ಈ ವರ್ಷದ ಮರಗಸಿಯಲ್ಲಿ ಎಷ್ಟು ಸೌದೆ ಮಿಗುತ್ತದೆ, ಯಾವ ಮರದ್ದು, ಲಾರಿ ನಿಲ್ಲುವ ರಸ್ತೆಯಿಂದ ಎಷ್ಟು ದೂರ ಎಂಬ ಮೂರು ವಿವರಗಳನ್ನು ಒಂದು ಅಂಚೆ ಕಾರ್ಡಿನಲ್ಲೋ ಫೋನಿನಲ್ಲೋ ತಿಳಿಸಬೇಕೆಂದು ಸದಸ್ಯರಲ್ಲಿ ವಿನಂತಿ. ಒಟ್ಟು ಮೊತ್ತ ಒಂದು ಬಾಯ್ಲರಿನ ಆರು ತಿಂಗಳಿಗೂ ಸಾಲದೆಂದು ಕಂಡುಬಂದರೆ ತಿದ್ದುಪಡಿಯನ್ನು ಸಭೆಯಲ್ಲಿ ನಾವೇ ಹಿಂತೆಗೆದುಕೊಳ್ಳುತ್ತೇವೆ.