ಎಣ್ಣೆ ಯಾರದ್ದು, ತಕ್ಕಡಿ ಯಾರದ್ದು?

ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್ ಬಸ್ಸು ಹತ್ತುವವರಿಗೆ ಎಂ.ಆರ್.ಪಿ.ಎಲ್. ಹೊಸತಲ್ಲ. ಆದರೆ ಒಂದು ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದ ಕಚ್ಚಾ ಎಣ್ಣೆಯಲ್ಲಿ ದೊಡ್ಡ ಪಾಲು ಇರಾನಿನದು ಎಂಬುದು ಎಷ್ಟು ಮಂದಿಗೆ ಗೊತ್ತು?

ಮಾರುವವ ಇರಾನ್. ಕೊಳ್ಳುವವರು ನಾವು. ನಡುವೆ ಇರುವುದು ಅರಬ್ಬೀ ಸಮುದ್ರ. ಇಬ್ಬರಿಗೂ ಜಗಳವಿಲ್ಲ. ಹಾಗಾದ್ರೆ ವ್ಯಾಪಾರ ಕೆಟ್ಟದ್ದು ಯಾಕೆ ಮಾರಾಯ್ರೆ?

2012ರಲ್ಲಿ ಅಣು ಕಾರ್ಯಕ್ರಮದ ತಕರಾರಿನಿಂದ ಅಮೆರಿಕ, ಯುರೋಪು ಸೇರಿ ಇರಾನಿನ ಮೇಲೆ ದಿಗ್ಬಂಧನ ಬಿಗಿ ಮಾಡಿದವು. ಅದರ ಬ್ಯಾಂಕುಗಳನ್ನು ಸ್ವಿಫ್ಟ್ ಎಂಬ ಹಣ ರವಾನೆಯ ಸಂದೇಶ ಜಾಲದಿಂದ ಹೊರಗಿಟ್ಟರು. ಆ ಎಣ್ಣೆ ಹೊರುವ ಹಡಗುಗಳಿಗೆ ಯುರೋಪಿನ ವಿಮೆ ತಪ್ಪಿತು. 2013ರಲ್ಲಿ ವಿಮೆಯ ತೊಡಕಿನಿಂದಲೇ ಎಂ.ಆರ್.ಪಿ.ಎಲ್. ಕೆಲವು ತಿಂಗಳು ಇರಾನಿನ ಎಣ್ಣೆ ತರಿಸುವುದನ್ನು ನಿಲ್ಲಿಸಬೇಕಾಯಿತು. ಇರಾನಿನ ಬಾವಿಯನ್ನು ಯಾರೂ ಮುಟ್ಟಲಿಲ್ಲ. ಹಣ ಕಟ್ಟುವ ಕಿಟಕಿ ಮುಚ್ಚಿದರು, ಅಷ್ಟೇ.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಿಮ್ಮ ಗೋದಾಮಿನ ತುಂಬ ಅಕ್ಕಿ ಉಂಟು. ಆದರೆ ತಕ್ಕಡಿ, ಲಾರಿ, ಲೆಕ್ಕದ ಪುಸ್ತಕ ಮೂರೂ ಇನ್ನೊಬ್ಬ ಸಾಹುಕಾರನ ಕೈಯಲ್ಲಿ. ಆಗ ಯಜಮಾನ ಯಾರು?

ಎಣ್ಣೆ ಇದ್ದವನೇ ದೊಡ್ಡವ ಎಂದು 1973ರಲ್ಲಿ ಲೋಕ ನಂಬಿತ್ತು. ಯುದ್ಧದ ಸಿಟ್ಟಿನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ದರ 1974ರ ಜನವರಿಗೆ 11 ಡಾಲರ್ ದಾಟಿತು. ಆದರೆ ಲೆಕ್ಕ ನಡೆದದ್ದು ಡಾಲರಿನಲ್ಲೇ. ಬಂದ ಲಾಭದಲ್ಲಿ ದೊಡ್ಡ ಪಾಲು ತಿರುಗಿ ಅಮೆರಿಕ, ಯುರೋಪುಗಳ ಬ್ಯಾಂಕಿಗೇ ಹೋಗಿ ಕೂತಿತು.

ನಮ್ಮವರೂ ಸುಮ್ಮನೆ ಕೂರಲಿಲ್ಲ. 2012ರಲ್ಲಿ ಇರಾನಿನ ಎಣ್ಣೆಯ ಬೆಲೆಯಲ್ಲಿ ನೂರಕ್ಕೆ 45ರಷ್ಟನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಜಮಾ ಮಾಡುವ ಏರ್ಪಾಟಾಯಿತು. ಆ ದುಡ್ಡಿನಿಂದ ಇರಾನ್ ಇಲ್ಲಿನ ಅಕ್ಕಿ, ಚಹಾ ಕೊಳ್ಳಬೇಕು. ಉಪಾಯವೇನೋ ನಡೆಯಿತು. ಆದರೆ 2018ರಲ್ಲಿ ಅಮೆರಿಕ ಮತ್ತೆ ದಿಗ್ಬಂಧನ ಹೇರಿತು. ನಮಗೆ ಕೊಟ್ಟಿದ್ದ ರಿಯಾಯಿತಿ 2019ರ ಮೇ ತಿಂಗಳಲ್ಲಿ ಮುಗಿಯಿತು, ಖರೀದಿಯೂ ನಿಂತಿತು.

2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲೇ ಮಾಡಲು ದಾರಿ ತೆರೆಯಿತು. ಒಳ್ಳೆಯದೇ. ಆದರೆ 2023ರ ಮೇ ತಿಂಗಳಲ್ಲಿ ಗೋವೆಗೆ ಬಂದ ರಷ್ಯದ ವಿದೇಶಾಂಗ ಮಂತ್ರಿ ಲಾವ್ರೋವ್ ಹೇಳಿದ್ದೇನು? ಭಾರತದ ಬ್ಯಾಂಕುಗಳಲ್ಲಿ ತಮ್ಮ ರೂಪಾಯಿ ರಾಶಿ ಬಿದ್ದಿದೆ, ಬಳಸುವುದೇ ಕಷ್ಟ ಅಂತ. ಅಂದ್ರೆ, ಸ್ವಂತ ತಕ್ಕಡಿ ತೂಗುಹಾಕಿದರೆ ಸಾಲದು. ಗಿರಾಕಿ ಕೇಳುವ ಸಾಮಾನೂ ಅಂಗಡಿಯಲ್ಲಿ ಇರಬೇಕು. ಅದನ್ನು ನಾವೇ ತಯಾರು ಮಾಡದೆ ಬೇರೆ ದಾರಿಯಿಲ್ಲ.

ಡೀಸೆಲ್ ದರದಲ್ಲಿ ದಿಲ್ಲಿ, ಬೆಂಗಳೂರುಗಳ ತೆರಿಗೆಯೂ ಉಂಟು, ಅದು ಇನ್ನೊಂದು ದಿನದ ಮಾತು. ಸದ್ಯಕ್ಕೆ ಇಷ್ಟು ನೆನಪಿರಲಿ: ಮುಂದೆ ಬಸ್ ದರ ಏರಿದಾಗ ಕಂಡಕ್ಟರನ ಮೇಲೆ ರೇಗಬೇಡಿ. ಅವನ ಕೈಯಲ್ಲಿ ಇರುವುದು ಟಿಕೇಟು ಮಾತ್ರ, ತಕ್ಕಡಿ ಅಲ್ಲ.