ಸಂಸಾರಿಗಳೊಡನೆ ಎರಡು ಮಾತು: ಮಕ್ಕಳು ಸೇರುವ ಕೂಟ

ಮಾವಿನ ಸುಗ್ಗಿ ಮುಗಿಯುತ್ತ ಬಂದಂತೆ ನಮ್ಮ ಸೀಮೆಯ ಮನೆಗಳಲ್ಲಿ ಮತ್ತೊಂದು ಸಡಗರವು ಮೊದಲಾಗುವುದು. ಶ್ರೀನಿವಾಸಪುರ, ಮುಳಬಾಗಿಲುಗಳಿಂದ ಬಸ್ಸಿನಲ್ಲಿಯೂ ಮಾಲೂರಿನಿಂದ ರೈಲಿನಲ್ಲಿಯೂ ಮಕ್ಕಳು ಬೆಂಗಳೂರಿನ ಕಾಲೇಜುಗಳಿಗೆ ಹೊರಡುವರು. ಕೆಲವರು ಕೋಲಾರದಲ್ಲಿಯೇ ನಿಲ್ಲುವರು. ಒಬ್ಬಿಬ್ಬರು ಅಮೆರಿಕಕ್ಕೂ ಹೋಗುವುದುಂಟು. ಹಾಸಿಗೆ, ಚಟ್ನಿಪುಡಿಗಳ ವಿಚಾರವನ್ನು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಆ ಮಕ್ಕಳು ಅಲ್ಲಿ ಸೇರುವ ಕೂಟಗಳ ವಿಷಯವಾಗಿ ಮಾತ್ರ ನಾವು ಇಂದು ಎರಡು ಮಾತುಗಳನ್ನು ಹೇಳಬಯಸುವೆವು.

ಮನೆಯನ್ನಗಲಿದ ಮಕ್ಕಳು ಒಡನಾಟವನ್ನು ಬಯಸುವುದು ಸಹಜವೇ ಸರಿ. ಹಳ್ಳಿಯ ಮಕ್ಕಳಿಗೆ ಪಟ್ಟಣದಲ್ಲಿ ನೆರಳಾಗಲೆಂದೇ ನಮ್ಮ ನಾಡಿನಲ್ಲಿ ವಿದ್ಯಾರ್ಥಿನಿಲಯಗಳು ಹುಟ್ಟಿದುವು. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳ ಆಶ್ರಯದಲ್ಲಿ ಓದಿ ಮುಂದೆ ಬಂದವರು ಅನೇಕರು. ಅಮೆರಿಕದಲ್ಲಿ ವಿದ್ಯಾರ್ಥಿಗಳು ತಾವೇ ಕೂಟಗಳನ್ನು ಕಟ್ಟಿಕೊಂಡು, ಅವುಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟು, ಹುಡುಗರ ಕೂಟವನ್ನು ಫ್ರಟರ್ನಿಟಿಯೆಂದೂ ಹುಡುಗಿಯರದನ್ನು ಸೊರಾರಿಟಿಯೆಂದೂ ಕರೆಯುವರು. ಭ್ರಾತೃಸಂಘ, ಭಗಿನೀಸಂಘ ಎಂದು ಅರ್ಥ. ಹೆಸರೇನೋ ಇಂಪಾದುದು, ಅವುಗಳಿಂದ ಗೆಳೆತನವೂ ನೆರವೂ ದೊರೆಯುವುದುಂಟು. ಆದರೆ ಹೊಸಬರನ್ನು ಪರೀಕ್ಷಿಸುವ ನೆವದಲ್ಲಿ ಮಿತಿಮೀರಿ ಮದ್ಯ ಕುಡಿಸಿ, ಹೊಡೆದು, ಪ್ರಾಣಕ್ಕೇ ಎರವಾದ ಪ್ರಸಂಗಗಳೂ ಅಲ್ಲಿ ನಡೆದಿವೆ. ನಮ್ಮಲ್ಲಿನ ರ‍್ಯಾಗಿಂಗ್ ಎಂಬ ಪಿಡುಗು ಇದರ ಒಡಹುಟ್ಟೇ ಅಲ್ಲವೆ?

ಒಳ್ಳೆಯ ಕೂಟವನ್ನು ಗುರುತಿಸುವ ಬಗೆ ಯಾವುದು? ಮನೆಯವರಿಗೆ ಹೇಳಬಾರದೆಂದು ಕಟ್ಟುಮಾಡುವ ಕೂಟವನ್ನು ಸೇರುವುದು ಸಲ್ಲದು ಎಂಬುದೇ ನಮ್ಮ ಉತ್ತರ. ಗುಟ್ಟಿಲ್ಲದಿದ್ದರೆ ಸೋದರಭಾವವು ಉಳಿಯದೆಂಬ ಮಾತು ಸುಳ್ಳು. ಗ್ರೀಕ್ ಅಕ್ಷರಗಳ ಹೆಸರಿನ ಮೊದಲ ಕೂಟವಾದ ಫೈ ಬೀಟಾ ಕಪ್ಪಾ 1776ರಲ್ಲಿ ಗೋಪ್ಯಸಂಘವಾಗಿಯೇ ಹುಟ್ಟಿತು. 1831ರ ಸುಮಾರಿಗೆ ಆ ಗೋಪ್ಯವನ್ನು ತೊರೆಯಿತು. ಆದರೂ ವಿದ್ವತ್ತನ್ನು ಗೌರವಿಸುವ ಸಂಘವಾಗಿ ಇಂದಿಗೂ ಬಾಳುತ್ತಿದೆ.

ಆದಕಾರಣ ಒಪ್ಪಿಗೆ ಕೊಡುವ ಮುನ್ನ ತಂದೆತಾಯಂದಿರು ಇಷ್ಟನ್ನು ವಿಚಾರಿಸತಕ್ಕುದು. ಕೂಟದ ನಿಯಮಗಳೂ ಶುಲ್ಕವೂ ಬರಹದಲ್ಲಿವೆಯೆ? ಸೇರುವ ದಿನ ಏನೇನು ಮಾಡಿಸುವರು? ಬೇಡವಾದಾಗ ಅಡ್ಡಿಯಿಲ್ಲದೆ ಬಿಟ್ಟು ಬರಬಹುದೆ? ಮುಂದಾಳುಗಳನ್ನು ಮಾತ್ರವೇ ಕೇಳದೆ, ಹಿಂದಿನ ವರ್ಷ ಸೇರಿದವರನ್ನೂ ಬಿಟ್ಟವರನ್ನೂ ಕೇಳಿರಿ. ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಆದ ಕಾಯಿದೆಯಂತೆ, ಇಂತಹ ಹಿಂಸೆಯಲ್ಲಿ ತಪ್ಪಿತಸ್ಥರೆಂದು ಕಂಡುಬಂದ ಕೂಟಗಳ ವಿವರವನ್ನು ಕಾಲೇಜುಗಳು ಪ್ರಕಟಿಸಬೇಕು. ಅದನ್ನು ಓದಿ ನೋಡಿರಿ. ನಮ್ಮಲ್ಲಿ 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗನ್ನು ದಂಡನಾರ್ಹವೆಂದು ಸಾರಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಗಳಂತೆ ವಿದ್ಯಾರ್ಥಿಯೂ ಪೋಷಕರೂ ಪ್ರಮಾಣಪತ್ರ ಬರೆದುಕೊಡಬೇಕು. ಅದನ್ನು ಓದದೆ ರುಜು ಹಾಕದಿರಿ. ಮಗನು ಹಿಂಸೆಗೆ ಒಳಗಾಗಬಾರದು ಎಂಬಷ್ಟೇ, ಹಿಂಸಿಸುವವನೂ ಆಗಬಾರದು. ಹಗಲಿರುಳೂ ದೂರನ್ನು ಆಲಿಸುವ ಉಚಿತ ದೂರವಾಣಿಯ ಸಂಖ್ಯೆ 1800-180-5522. ಇದನ್ನು ಮಕ್ಕಳ ಪುಸ್ತಕದ ಮೊದಲ ಪುಟದಲ್ಲಿ ಬರೆಸಿರಿ.

ಕಾಯಿದೆಗಿಂತ ಮಿಗಿಲಾದುದು ಮನೆಯವರ ಒಂದು ಮಾತು. ಹಾಲು ಮಾರಿ, ರೇಷ್ಮೆಗೂಡು ಮಾರಿ ಕೂಡಿಟ್ಟ ಹಣದಿಂದ ನಾವು ಫೀಜು ಕಟ್ಟುವೆವು. "ನಿನಗಾಗಿ ಎಷ್ಟು ಕಷ್ಟಪಟ್ಟಿದ್ದೇವೆ, ಮರೆಯಬೇಡ" ಎಂದು ಹೇಳಿಯೂ ಕಳುಹಿಸುವೆವು. ಮಾತು ನಿಜವೇ. ಆದರೆ ಅದನ್ನು ಹೊತ್ತುಹೋದ ಮಗುವು, ಪೆಟ್ಟು ತಿಂದರೂ ಅವಮಾನವನ್ನು ನುಂಗಿದರೂ ಮನೆಗೆ ತಿಳಿಸದೆ ಸುಮ್ಮನಿರುವುದು. ಹಿಂಸಿಸುವವರಿಗೆ ಬೇಕಾದುದೂ ಆ ಮೌನವೇ. ಆದುದರಿಂದ ಬಸ್ಸು ಹತ್ತಿಸುವಾಗ ಹೀಗೂ ಹೇಳಿರಿ: "ಮಗು, ಹಣ ಹೋದರೆ ಹೋಗಲಿ. ಮನಸ್ಸಿಗೆ ಒಗ್ಗದುದು ಏನು ನಡೆದರೂ ನಡುರಾತ್ರಿಯಾದರೂ ಹೇಳು, ನಾವು ಬರುತ್ತೇವೆ."

ಇಷ್ಟನ್ನು ಕೇಳಿಸಿಕೊಂಡು ಹೋದ ಮಗುವು ಯಾವ ಕೂಟದ ಬಾಗಿಲಿನಿಂದಲೂ ಧೈರ್ಯವಾಗಿ ಹಿಂದಿರುಗೀತು.