ಕೊಸರಿಗೆ ಬಂದವರು

ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಪುಸ್ತಕ ತೆರೆದು, ಚಿತ್ರವೊಂದರ ಕೆಳಭಾಗವನ್ನು ಅಂಗೈಯಿಂದ ಮುಚ್ಚಿ, "ಈಗ ನೋಡಿ ಮೇಡಂ, ಎಂಥ ಗಾಂಭೀರ್ಯ!" ಎಂದರು. ಮುಚ್ಚಿದ್ದು ದನಗಳನ್ನು, ಜನಗಳನ್ನು. ನನಗೆ ರೇಗಿತು.

ಅದು ರೋಮಿನಲ್ಲಿ ನೆಲೆಸಿದ್ದ ಕ್ಲಾಡ್ ಲೊರೇನ್ 1636ರಲ್ಲಿ ಮಾಡಿದ ಎಚ್ಚಿಂಗ್. ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿ, ಆಮ್ಲದಲ್ಲಿ ಕೊರೆಯಿಸಿ, ಮಸಿ ತುಂಬಿ ಕಾಗದಕ್ಕೆ ಒತ್ತಿದ್ದು. ಹೆಸರು 'ಕಾಂಪೊ ವಚ್ಚೀನೊ', ಅಂದರೆ ದನದ ಬಯಲು. ಒಂದು ಕಾಲಕ್ಕೆ ಸಾಮ್ರಾಜ್ಯವನ್ನೇ ಆಳಿದ ರೋಮನ್ ಫೋರಂ ಆಗ ದನದ ಸಂತೆಯ ಮೈದಾನ. ಪಾಳುಬಿದ್ದ ಗುಡಿಯ ಕಂಬಗಳು, ದೂರದಲ್ಲಿ ಕೊಲೋಸಿಯಂ. ಮುಂದೆ ದನ, ಮಾತಾಡುತ್ತ ನಿಂತ ಜನ.

ಇಂಥ ಚಿತ್ರದ ಮನುಷ್ಯರಿಗೆ ಕಲಾಪಂಡಿತರು ಕೊಟ್ಟ ಹೆಸರು 'ಸ್ಟಾಫೇಜ್'; ಜಾಗ ತುಂಬುವ ಬೊಂಬೆಗಳು. ದೃಶ್ಯಕ್ಕಷ್ಟೇ ಹಣ, ಮನುಷ್ಯರು ಪುಕ್ಕಟೆ ಎಂದು ಕ್ಲಾಡನೇ ಹೇಳುತ್ತಿದ್ದನಂತೆ. ತರಕಾರಿಯವಳು ಕೊಸರಿಗೆ ಕರಿಬೇವು ಹಾಕಿದ ಹಾಗೆ!

ನಾನು ಒಪ್ಪುವುದಿಲ್ಲ. ಚಕ್ರವರ್ತಿಗಳು ಹೋದ ಮೇಲೂ ಆ ನೆಲದಲ್ಲಿ ಬದುಕು ನಡೆಸಿದವರು ಈ ಜನ. 19ನೇ ಶತಮಾನದಲ್ಲಿ ಉತ್ಖನನವಾಗಿ ಕಂಬಗಳ ಬುಡ ಹೊರಬಂತು, ದನದ ಬಯಲು ಇಲ್ಲವಾಯಿತು. ಕಂಬಗಳನ್ನು ಇಂದೂ ರೋಮಿಗೆ ಹೋಗಿ ನೋಡಬಹುದು. ಈ ಜನರನ್ನು ನೋಡಲು ಇಂಥ ಚಿತ್ರಗಳೇ ಗತಿ.

ಹೊಸ ಮನೆಯ ಫೋಟೋ ತೆಗೆಯುವಾಗ "ನೀನು ಸ್ವಲ್ಪ ಆಚೆ ಸರಿ" ಎನ್ನಿಸಿಕೊಂಡ ಅಕ್ಕತಂಗಿಯರೇ, ಆ ಅಂಗೈ ನಿಮಗೂ ಗೊತ್ತು. ಮನೆ ಕಂಡವರಿಗೆ ಮನೆ ನಡೆಸಿದವಳು ಕೊಸರು.

"ಕೈ ತೆಗೀರಿ ಮೇಷ್ಟ್ರೇ" ಎಂದೆ. ತೆಗೆದರು.